ಅಕ್ಕಪಕ್ಕದವರನ್ನೇ ಸಂದರ್ಶನ ಮಾಡೋದು: ಮೂರು ವರ್ಷದ ಊರ ಪಾಡ್‌ಕಾಸ್ಟ್‌ನಲ್ಲಿ ಕಲಿತದ್ದು, ಕೆಡಿಸಿದ್ದು

ಹಿನ್ನೀರ ದಂಡೆ (ಸಾಗರ)

ಮೂರು ವರ್ಷದಿಂದ ನಮ್ಮ ಸಾಗರ ತಾಲೂಕಿನವರ ಜೊತೆ ಕೂತು ಮಾತಾಡಿ, ಅದನ್ನ ಪಾಡ್‌ಕಾಸ್ಟ್ ಮಾಡಿ ಹಾಕ್ತಾ ಇದ್ದೇನೆ. 41 ಕಂತು ಆಯ್ತು. ಲಾಂಚ್ ಓಡಿಸೋರು, ಗಂಧದ ಕೆತ್ತನೆಯ ಗುಡಿಗಾರರು, ಅಡಿಕೆ ಸುಲಿಯೋ ಹೆಂಗಸರು, ಶರಾವತಿ ಮುಳುಗಡೆಯವರು. ಹೇಗೆ ಮಾಡ್ತೀರಿ ಅಂತ ಸುಮಾರು ಜನ ಕೇಳ್ತಾರೆ. ಬಿಡಿಬಿಡಿಯಾಗಿ ಹೇಳೋ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ.

ಮೊದಲು ಮೈಕಿನ ವಿಷಯ ಮುಗಿಸಿಬಿಡ್ತೇನೆ, ಎಲ್ಲರೂ ಕೇಳೋದು ಅದನ್ನೇ. ಶುರುವಲ್ಲಿ ದುಡ್ಡು ಸುರಿದು ಕಂಡೆನ್ಸರ್ ಮೈಕ್ ತಂದೆ. ಅಷ್ಟು ಸೂಕ್ಷ್ಮದ್ದು ನಮ್ಮ ಊರಿಗಲ್ಲ ಮಾರಾಯ್ರೆ. ಎದುರಿಗೆ ಕೂತವರ ಮಾತಿನ ಜೊತೆ ಕೊಟ್ಟಿಗೆಯ ದನ, ಪಕ್ಕದ ಮನೆ ಮಿಕ್ಸಿ, ಜೀರುಂಡೆ, ಎಲ್ಲವನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಅನ್ನೋದನ್ನ ಮರೆತುಬಿಡಿ. ಈಗ ನಾನು ಬಳಸೋದು ಕಾಲರ್‌ಗೆ ಸಿಕ್ಕಿಸೋ ಸಣ್ಣ ಮೈಕ್. ಅದಕ್ಕೂ ಅದರದ್ದೇ ಗ್ರಹಚಾರ. ಒಬ್ಬರು ಅಜ್ಜಿಯದ್ದು ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿಕೊಂಡು ಮನೆಗೆ ಬಂದು ಕೇಳಿದರೆ ಪೂರ್ತಿ ಕರಕರ ಕರಕರ. ಕರಿಮಣಿ ಸರ ಮೈಕಿಗೆ ಉಜ್ಜಿದ್ದು. ಅಂದಿನಿಂದ ಹೆಂಗಸರಿಗೆ ಮೈಕನ್ನ ಸೆರಗಿನ ಮೇಲೆ, ಹೆಗಲ ಹತ್ತಿರ ಸಿಕ್ಕಿಸ್ತೇನೆ. ಗಂಡಸರ ತೊಂದರೆ ಬೇರೆ: ಕವಳ, ಅಂದ್ರೆ ಎಲೆಅಡಿಕೆ. ಬಾಯಲ್ಲಿ ಕವಳ ಇದ್ರೆ ಮಾತು ಅರ್ಥ ಆಗಲ್ಲ, ಇಲ್ಲದಿದ್ರೆ ಮಾತೇ ಬರಲ್ಲ. ಕವಳ ಉಗಿದು ಬಂದ ಮೇಲಿನ ಮೊದಲ ಹತ್ತು ನಿಮಿಷವೇ ಹಬ್ಬ.

ಇನ್ನು ಪ್ರಶ್ನೆ. ನನ್ನ ಮೊದಲ ಏಳೆಂಟು ಕಂತು ಕೇಳಿದರೆ ನನಗೇ ನಾಚಿಕೆ ಆಗುತ್ತೆ. "ನಿಮ್ಮ ಬಾಲ್ಯದ ಬಗ್ಗೆ ಹೇಳಿ", "ಯುವಕರಿಗೆ ನಿಮ್ಮ ಸಂದೇಶ ಏನು". ಹೀಗೆ ಕೇಳಿದ ತಕ್ಷಣ ಜಗುಲಿಯಲ್ಲಿ ಚೆನ್ನಾಗಿ ಹರಟುತ್ತಿದ್ದ ಮನುಷ್ಯ ಸನ್ಮಾನ ಸಮಾರಂಭಕ್ಕೆ ಬಂದವರ ಹಾಗೆ ಸೆಟೆದು ಕೂತು "ನಾನು ಒಂದು ಬಡ ರೈತ ಕುಟುಂಬದಲ್ಲಿ ಜನಿಸಿ" ಅಂತ ಶುರು ಮಾಡ್ತಾರೆ. ನಮ್ಮ ಭಾಗದಲ್ಲಿ ಯಾರೂ ಜನಿಸಲ್ಲ, ಹುಟ್ತಾರೆ. ಮೈಕ್ ಕಂಡ ಕೂಡಲೇ ಭಾಷಣದ ಕನ್ನಡ ಬರುತ್ತೆ, ಅದರ ಜೊತೆ ಭಾಷಣದ ನೆನಪುಗಳೂ.

ಇದು ಬದಲಾಗಿದ್ದು ಒಂದು ಮುಳುಗಡೆ ಕಂತಿನಲ್ಲಿ. ಶರಾವತಿಗೆ ಅಡ್ಡ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದ್ದು 1964ರಲ್ಲಿ. ಆಗ ಹತ್ತು ಹನ್ನೆರಡು ವರ್ಷದವರಿದ್ದವರಿಗೇ ಈಗ ಎಪ್ಪತ್ತು ದಾಟಿದೆ. "ಊರು ಮುಳುಗಿದಾಗ ಹೇಗನ್ನಿಸಿತು?" ಅಂತ ಟೀವಿಯವರ ಹಾಗೆ ಕೇಳಿದೆ. "ಬೇಜಾರಾಯ್ತು" ಅಂದ್ರು. ಅಷ್ಟೇ. ಇನ್ನೇನು ಕೇಳೋದು ಗೊತ್ತಾಗದೆ, "ಮನೆಯಿಂದ ಏನೇನು ಹೊತ್ತು ತಂದ್ರಿ, ಏನು ಬಿಟ್ಟು ಬಂದ್ರಿ?" ಅಂದೆ. ಬಾಗಿಲು ಕಿತ್ತು ತಂದಿದ್ದು, ಹೆಂಚು ಎಣಿಸಿ ಗಾಡಿಗೆ ಹೇರಿದ್ದು, ನೆಲಕ್ಕೆ ಹುಗಿದಿದ್ದ ಒರಳು ಮಾತ್ರ ಕೀಳಕ್ಕಾಗದೆ ಅಲ್ಲೇ ಉಳಿದಿದ್ದು, ಅವರಮ್ಮ ಹೊರಡೋ ದಿನ ಆ ಒರಳನ್ನ ತೊಳೆದು ಒರೆಸಿ ಬಂದಿದ್ದು. ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ. ಈಗ ನಾನು ಕೇಳೋದು ಅಂಥದ್ದನ್ನೇ. ಜಗುಲಿಯಲ್ಲಿ ಕೂತರೆ ಎದುರಿಗೆ ಏನು ಕಾಣ್ತಿತ್ತು? ನೀರು ಎಲ್ಲಿಂದ ತರ್ತಿದ್ರಿ? ಸಂತೆಗೆ ಎಷ್ಟು ಹೊತ್ತಿಗೆ ಹೊರಡ್ತಿದ್ರಿ?

ಬೇಸಿಗೆಯಲ್ಲಿ ಹಿನ್ನೀರು ಇಳಿದು, ಅದರಲ್ಲೇ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೆ ಕಾಣಿಸಿಕೊಳ್ಳುತ್ತಲ್ಲ, ಅಲ್ಲಿಗೇ ಒಬ್ಬರನ್ನ ಕರಕೊಂಡು ಹೋಗಿ ಮಾತಾಡಿಸಿದ್ದೆ. ಗಾಳಿಗೆ ಮೈಕ್ ಬೋರ್ಗರೆಯಿತು. ಮಗಳ ಉಣ್ಣೆ ಕಾಲುಚೀಲ ಹೊದಿಸಿದೆ, ಸರಿಹೋಯ್ತು.

ಎಲ್ಲಕ್ಕಿಂತ ದೊಡ್ಡ ಪಾಠಕ್ಕೆ ಬರ್ತೇನೆ. ಇದನ್ನ ಬರೆಯೋಕೆ ಇಷ್ಟು ದಿನ ಆಯ್ತು.

ಎಂಬತ್ತು ದಾಟಿದ ಒಬ್ಬರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ರು. ನಡುವೆ ಎಲ್ಲೋ ಒಂದು ಕಡೆ, ಆಗ ಬದಲಿ ಜಾಗ ಕೊಡುವಾಗ ಆಫೀಸಿನವರ ಜೊತೆ ಓಡಾಟ ಇದ್ದ ಮನೆಯವರಿಗೆ ಸಮತಟ್ಟು ಜಾಗ ಸಿಕ್ಕಿತು, ನಮಗೆ ಕಾಡುಗುಡ್ಡ ಸಿಕ್ಕಿತು ಅಂದ್ರು. ಹೆಸರು ಹೇಳಲಿಲ್ಲ. ಹೆಸರು ಇಲ್ಲವಲ್ಲ ಅಂತ ನಾನೂ ಬಿಟ್ಟೆ. ಯಾರೋ ಆ ನಲವತ್ತು ಸೆಕೆಂಡ್ ಮಾತ್ರ ಕತ್ತರಿಸಿ ಊರ ವಾಟ್ಸಾಪ್ ಗುಂಪಿಗೆ ಹಾಕಿದ್ರು. ಬೆಂಗಳೂರಿನ ಕೇಳುಗನಿಗೆ ಅದು ಯಾರದ್ದೋ ಮನೆ. ಊರಲ್ಲಿ ಅದು ಯಾವ ಮನೆ ಅಂತ ಮಕ್ಕಳಿಗೂ ಗೊತ್ತು. ಮೂರು ತಲೆಮಾರಿನಿಂದ ಓಡಾಟ ಇದ್ದ ಎರಡು ಮನೆಗಳು ಮಾತು ಬಿಟ್ಟವು. ಆ ವರ್ಷ ದೀಪಾವಳಿಗೆ ಅಲ್ಲಿಂದ ಇಲ್ಲಿಗೆ ಯಾರೂ ಬರಲಿಲ್ಲ.

ನಾನು ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಸುಳ್ಳೇನು ಹೇಳಲಿಲ್ಲ ತಮಾ. ಆದ್ರೆ ಅದು ನಿನ್ನ ಹತ್ರ ಹೇಳಿದ್ದಾಗಿತ್ತು" ಅಂದ್ರು. ಮೈಕ್ ಅವರ ಕಾಲರಿಗೇ ಇತ್ತು, ಒಪ್ಪಿಗೆಯನ್ನೂ ಕೇಳಿದ್ದೆ. ಆದರೂ ಅವರು ಹೇಳಿದ್ದು ನನ್ನ ಹತ್ರ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಎಡಿಟ್ ಆದ ಕಂತನ್ನ ಮಾತಾಡಿದವರ ಮನೆಗೆ ಹೋಗಿ ಪೂರ್ತಿ ಕೇಳಿಸ್ತೇನೆ. ಬೇಡ ಅಂದದ್ದು ತೆಗೀತೇನೆ. ಆಮೇಲೆ ಪ್ರಕಟ. ಬೇರೆಯವರು ಹೇಗೆ ಮಾಡ್ತೀರಿ?

ಹಳೇ ವರದಿಗಾರ (ಹುಬ್ಬಳ್ಳಿ)

ಭಾಳ ಚೊಲೊ ಬರದೀರಿ. ಆದ್ರ ಕಡೀ ಮಾತು ನಾ ಒಪ್ಪಂಗಿಲ್ಲ. ಮೂವತ್ತು ವರ್ಷ ಪತ್ರಿಕ್ಯಾಗ ದುಡದೀನ್ರಿ. ಅಚ್ಚಾಗೂಕಿಂತ ಮೊದಲ ಕಾಪಿ ತೋರಸೂದು ಅಂದ್ರ ನಮ್ಮಾಗ ದೊಡ್ಡ ತಪ್ಪು. ಯಾಕಂದ್ರ ಒಮ್ಮೆ ತೋರಸಿದ್ರಿ ಅಂದ್ರ ಅಂವ ಹಲ್ಲು ಇದ್ದ ಮಾತೆಲ್ಲಾ ಕಿತ್ತು ಹಾಕ್ತಾನ. ಉಳಿಯೂದು ಬರೇ ಬೊಚ್ಚಬಾಯಿ. ಆ ಹಿರ್ಯಾರು ಹೇಳಿದ್ದು ಖರೆ ಇತ್ತಲ್ರಿ? ಜಾಗ ಹಂಚೂವಾಗ ಅನ್ಯಾಯ ಆಗಿತ್ತು ಅಂದ್ರ ಅದು ದಾಖಲ ಆಗಬೇಕೋ ಬ್ಯಾಡೋ? ಎರಡು ಮನಿ ಮಾತು ಬಿಟ್ಟವು ಅಂತ ಇತಿಹಾಸ ಮುಚ್ಚಿಡೂಣೇನು?

ಹಿನ್ನೀರ ದಂಡೆ (ಸಾಗರ)

ಸಾರ್, ನಿಮ್ಮ ಪ್ರಶ್ನೆ ನನ್ನನ್ನೂ ಕಾಡಿದೆ. ಶಾಸಕರೋ ಅಧಿಕಾರಿಯೋ ಆದ್ರೆ ನಾನೂ ತೋರಿಸಲ್ಲ, ಅವರು ಹೇಳಿದ್ದು ಹೇಳಿದ ಹಾಗೇ ಹೋಗಬೇಕು. ಆದ್ರೆ ಪತ್ರಕರ್ತರು ವರದಿ ಮಾಡಿ ಊರಿಗೆ ವಾಪಸ್ ಹೋಗ್ತಾರೆ. ನಾನು ಹೋಗೋ ಊರೇ ಅದು. ಅದೇ ಹಾಲಿನ ಡೇರಿ, ಅದೇ ಸೊಸೈಟಿ. ಮಾತಾಡಿದವರೂ ಅಲ್ಲೇ, ಕೇಳೋರೂ ಅಲ್ಲೇ, ಮಾತಿಗೆ ಸಿಕ್ಕಿಕೊಂಡವರೂ ಅಲ್ಲೇ.

ಮತ್ತೆ, ತೋರಿಸಿದ್ರೆ ಎಲ್ಲ ಕಿತ್ತು ಹಾಕ್ತಾರೆ ಅಂತ ನಾನೂ ಹೆದರಿದ್ದೆ. ಹಾಗಾಗಲಿಲ್ಲ. ಹೆಚ್ಚಿನವರು ಏನೂ ತೆಗೆಸಲ್ಲ. ಕೇಳ್ತಾ ಕೇಳ್ತಾ "ಅಯ್ಯೋ ಇದನ್ನ ಹೇಳೋದು ಬಿಟ್ಟೆ" ಅಂತ ಇನ್ನಷ್ಟು ಸೇರಿಸ್ತಾರೆ. ಕಾಗೋಡಿನ ಕಂತು ಹಾಗೇ ಬದಲಾಗಿದ್ದು. 1951ರ ಗೇಣಿದಾರರ ಸತ್ಯಾಗ್ರಹದಲ್ಲಿ ನಾನಿದ್ದೆ, ಸಮಾಜವಾದಿ ನಾಯಕ ಲೋಹಿಯಾ ಬಂದಾಗ ನೋಡಿದೆ ಅಂತ ಒಬ್ಬರು ಕಣ್ಣಿಗೆ ಕಟ್ಟೋ ಹಾಗೆ ಹೇಳಿದ್ರು. ಮನೆಗೆ ಬಂದು ಲೆಕ್ಕ ಹಾಕಿದ್ರೆ ಆಗ ಅವರಿಗೆ ಮೂರು ವರ್ಷ! ಕಂತು ಕೇಳಿಸೋಕೆ ಹೋದಾಗ ಮೆಲ್ಲಗೆ ವಯಸ್ಸಿನ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಎಷ್ಟು ಸಲ ಹೇಳಿದಾನೆ ಅಂದ್ರೆ ನಾನೇ ಕಂಡಂಗೆ ಆಗಿಬಿಟ್ಟಿದೆ" ಅಂದ್ರು. ಆಮೇಲೆ ಅಪ್ಪ ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯ ಕೊಳಗ ದೊಡ್ಡದಿತ್ತು ಅಂತ ಬೈತಿದ್ದದ್ದು, ಆ ಬೈಗುಳದ ಸಮೇತ ಬಂತು. ಕಂತಿನಲ್ಲಿ ಎರಡೂ ಇದೆ, ಅವರು ಮೊದಲು ಹೇಳಿದ್ದೂ, ಆಮೇಲೆ ಒಪ್ಪಿಕೊಂಡದ್ದೂ. ಮೊದಲೇ ತಪ್ಪು ಅಂತ ಕತ್ತರಿ ಹಾಕಿದ್ರೆ ಕೊಳಗದ ಕತೆ ಸಿಗ್ತಿರಲಿಲ್ಲ.

ಕೋಲಾರದ ಕಿವಿ

ಸಮುದಾಯ ರೇಡಿಯೋದಲ್ಲಿ ಕೆಲಸ ಮಾಡಿದ ಅನುಭವದಿಂದ ನಾಲ್ಕು ಮಾತು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ಹಳ್ಳಿಯವರಿಗೆ ಪ್ರಸಾರದ ಪರವಾನಗಿ ಕೊಡೋ ನೀತಿಯೇ ಇರಲಿಲ್ಲ. ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು, ಸರ್ಕಾರೇತರ ಸಂಸ್ಥೆಗಳಿಗೆ ಬಾಗಿಲು ತೆರೆದಿದ್ದು 2006ರ ನೀತಿಯಲ್ಲಿ. ಅಲ್ಲಿಯವರೆಗೆ ಅವರು ಕೇಬಲ್ ಎಳೆದು ಮನೆಮನೆಗೆ ಧ್ವನಿ ಮುಟ್ಟಿಸಿದ್ರು. ಈಗ ಪರವಾನಗಿ ಸಿಕ್ಕರೂ ಸಾಮಾನ್ಯವಾಗಿ 100 ವಾಟ್ ಮೀರೋ ಹಾಗಿಲ್ಲ, ಸ್ವಂತ ಸುದ್ದಿ ಓದೋ ಹಾಗಿಲ್ಲ. ಪಾಡ್‌ಕಾಸ್ಟ್‌ಗೆ ಈ ಯಾವ ಬೇಲಿಯೂ ಇಲ್ಲ. ಹೊಲದ ಬೇಲಿ ತೆಗೆದ್ರೆ ನಮ್ಮ ದನ ಹೊರಗೆ ಹೋಗೋದಷ್ಟೇ ಅಲ್ಲ, ಊರ ದನ ಒಳಗೂ ಬರುತ್ತೆ. ನಿಮ್ಮ ನಲವತ್ತು ಸೆಕೆಂಡ್ ಅದಕ್ಕೇ ಸಾಕ್ಷಿ.

ಕೇಳಿಸೋ ನಿಯಮ ಒಳ್ಳೇದು, ಆದ್ರೆ ಒಂದು ಎಚ್ಚರ. ಕೇಳಿಸೋಕೆ ಮನೆಗೆ ಹೋದಾಗ ಕೇಳೋರು ಯಾರು? ನಾನು ಒಬ್ಬ ತಾಯಿಯದ್ದು ರೆಕಾರ್ಡ್ ಮಾಡಿದ್ದೆ. ಕುಡುಕ ಗಂಡ, ಸಾಲ, ಸ್ವಸಹಾಯ ಸಂಘ ಸೇರಿ ಒಂದು ಹಸು ಕೊಂಡಿದ್ದು. ಧೈರ್ಯವಾಗಿ ಹೇಳಿದ್ಲು. ಕೇಳಿಸೋಕೆ ಹೋದ ದಿನ ಮಗ ಮನೇಲಿದ್ದ. ಅಪ್ಪನ ವಿಷಯ ಪೂರ್ತಿ ತೆಗೀರಿ ಅಂದ. ಆಕೆ ತಲೆ ತಗ್ಗಿಸಿ ಕೂತಿದ್ಲು. ಒಪ್ಪಿಗೆ ಕೊಟ್ಟಿದ್ದು ಆಕೆ, ಕತ್ತರಿ ಹಿಡಿದಿದ್ದು ಮಗ. ಅಪ್ಪನನ್ನ ತೆಗೆದ್ರೆ ಉಳಿಯೋದು ಹಸು ಮಾತ್ರ. ನಾನು ಪ್ರಸಾರ ಮಾಡಲೇ ಇಲ್ಲ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಹಿನ್ನೀರ ದಂಡೆ (ಸಾಗರ)

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಕ್ಕಾ. ನನ್ನ ಡಿಸ್ಕಿನಲ್ಲೂ ಅಂಥದ್ದು ಒಂದು ಇದೆ, ಐವತ್ತು ನಿಮಿಷ.

ಹೆಂಗಸರ ಜೊತೆ ಮಾತಾಡೋಕೆ ನಾನು ಕಂಡುಕೊಂಡ ದಾರಿ ಅಂದ್ರೆ ಮನೆಯ ಜಗುಲಿ ಬಿಟ್ಟು ಅಡಿಕೆ ಸುಲಿಯೋ ಚಪ್ಪರಕ್ಕೆ ಹೋಗೋದು. ಜಗುಲಿಯಲ್ಲಿ ಅವರಿಗೆ ಕೇಳಿದ ಪ್ರಶ್ನೆಗೆ ಒಳಗಿಂದ ಗಂಡನೋ ಮಗನೋ ಉತ್ತರ ಕೊಡ್ತಾರೆ. ಚಪ್ಪರದಲ್ಲಿ ಮೆಟ್ಟುಗತ್ತಿ ಮೇಲೆ ಕೂತ ಹತ್ತು ಹೆಂಗಸರು, ಕೈ ಕೆಲಸದಲ್ಲಿ, ಬಾಯಿ ಬಿಡುವಾಗಿ. ರಾತ್ರಿ ಎಂಟರ ಮೇಲೆ ಬರೋ ಮಾತೇ ಬೇರೆ. ಹಿನ್ನೆಲೆಯಲ್ಲಿ ಕತ್ತಿಯ ಸದ್ದು ಕೇಳುತ್ತೆ, ಅದನ್ನ ತೆಗೆಯೋಕೆ ಹೋಗಲಿಲ್ಲ.

ಆದ್ರೆ ಅಲ್ಲೂ ಒಂದು ಸಲ ಮುಖಕ್ಕೆ ಹೊಡೆದ ಹಾಗಾಯ್ತು. ಸುಲಿದ ಅಡಿಕೆ ಡಬ್ಬದಲ್ಲಿ ಅಳೆದು ಕೂಲಿ. ಒಬ್ಬರು ಚೆನ್ನಾಗಿ ಮಾತಾಡ್ತಿದ್ರು, ಮಾತಾಡುವಾಗ ಕೈ ನಿಲ್ಲಿಸ್ತಿದ್ರು. ಕೊನೆಗೆ ಪಕ್ಕದವಳು "ನಿನ್ನ ಕತೆ ಹೇಳಿ ಒಂದು ಡಬ್ಬ ಹೋಯ್ತು ನೋಡೇ" ಅಂದ್ಲು, ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಡಲಾಚೆ ಕನ್ನಡ (ನ್ಯೂಜೆರ್ಸಿ)

ಆ ಒಂದು ಡಬ್ಬದ ದುಡ್ಡು ಕೊಟ್ರಾ? ಕೊಟ್ರೆ ಅದು ಸಂದರ್ಶನಕ್ಕೆ ದುಡ್ಡು ಕೊಟ್ಟ ಹಾಗಾಗಲ್ವಾ? ಇಲ್ಲಿ ಕನ್ನಡ ಕೂಟದ ಹಿರಿಯರ ಜೊತೆ ನಾನೂ ಇಂಥದ್ದೇ ಮಾಡ್ತಿದ್ದೀನಿ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಒಂದು ಸಣ್ಣ ಗೂಡು ಇಟ್ಟು ಶುರುವಾದ ಸ್ಟೋರಿಕಾರ್ಪ್ಸ್‌ನಿಂದ ಒಂದು ಉಪಾಯ ಎರವಲು ತಗೊಂಡೆ: ಅಲ್ಲಿ ಹೊರಗಿನ ಸಂದರ್ಶಕ ಪ್ರಶ್ನೆ ಕೇಳೋದಿಲ್ಲ, ಗುರುತಿನವರೇ ಇಬ್ಬರು ಎದುರುಬದುರು ಕೂತು ಮಾತಾಡ್ತಾರೆ. ನಾನೂ ಮೊಮ್ಮಕ್ಕಳ ಕೈಗೆ ಮೈಕ್ ಕೊಟ್ಟೆ. ಅಜ್ಜ ನನಗೆ "1970ರ ದಶಕದಲ್ಲಿ ಇಂಜಿನಿಯರ್ ಆಗಿ ಬಂದೆ" ಅಂತ ಬಯೋಡೇಟಾ ಹೇಳ್ತಿದ್ರು. ಮೊಮ್ಮಗಳು "ತಾತ, ಏರ್‌ಪೋರ್ಟಲ್ಲಿ ಅತ್ರಾ?" ಅಂದ್ಲು. ಅತ್ತಿದ್ರಂತೆ.

ಹಿನ್ನೀರ ದಂಡೆ (ಸಾಗರ)

ಕೊಟ್ಟೆ. ಅವರು ತಗೊಳ್ಳಲಿಲ್ಲ. ಮಾರನೇ ದಿನ ಇಡೀ ಚಪ್ಪರಕ್ಕೆ ಮಿರ್ಚಿ ಭಜಿ, ಚಾ ತಗೊಂಡು ಹೋದೆ, ಅದು ಖರ್ಚಾಯ್ತು. ದುಡ್ಡು ಕೊಟ್ಟರೆ ನನಗೆ ಬೇಕಾದ್ದನ್ನ ಹೇಳ್ತಾರೆ ಅನ್ನೋ ಮಾತು ಒಪ್ಪಿದೆ. ಆದ್ರೆ ಕೂಲಿ ಕಳೆಯೋದು ನನ್ನ ಕೆಲಸ ಅಲ್ಲ. ಈಗ ಮೊದಲೇ ಹೇಳ್ತೇನೆ, ಕೈ ನಿಲ್ಲಿಸಬೇಡಿ ಅಂತ.

ಶಬ್ದಮಾಪಕ

ತಾಂತ್ರಿಕ ವಿಷಯ ಬೇಕಾದವರಿಗೆ ಮಾತ್ರ, ಉಳಿದವರು ದಾಟಿ ಹೋಗಿ. ರೆಕಾರ್ಡ್ ಮಾಡುವಾಗ ವೇವ್ ಫೈಲಿನಲ್ಲೇ ಮಾಡಿ. 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ ಅಂದ್ರೆ ಗಂಟೆಗೆ ಸುಮಾರು 318 ಎಂಬಿ. ಜಾಸ್ತಿ ಅಂತ ಅಳಿಸಬೇಡಿ, ಮೂಲ ಫೈಲ್ ಎರಡು ಕಡೆ ಇರಲಿ. ಪ್ರಕಟಿಸೋಕೆ 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದ್ರೆ ಗಂಟೆಗೆ 29 ಎಂಬಿ ಒಳಗೆ ಬರುತ್ತೆ. ಬರೀ ಮಾತಿಗೆ ಸ್ಟೀರಿಯೋ ದಂಡ. ಒಟ್ಟು ಗಟ್ಟಿತನ ಮೈನಸ್ 16 ಎಲ್‌ಯುಎಫ್‌ಎಸ್ ಹತ್ತಿರ ಇರಲಿ, ಆಪಲ್‌ನವರು ಕೇಳೋದೂ ಅಷ್ಟೇ. ಉಚಿತ ಆಡಾಸಿಟಿಯಲ್ಲಿ ಇದೆಲ್ಲ ಆಗುತ್ತೆ.

ರೆಕಾರ್ಡಿಂಗ್ ಶುರು ಮಾಡೋ ಮೊದಲು ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ಹಿಡಿದಿಡಿ. ನಾಯ್ಸ್ ರಿಡಕ್ಷನ್‌ಗೆ ಮಾದರಿ ಅದೇ. ಆದ್ರೆ ಜೋರಾಗಿ ಹಾಕಿದ್ರೆ ಮಾತಾಡೋರು ಕೊಡಪಾನದೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಫ್ಯಾನ್ ಆಫ್ ಮಾಡಿಸಿ, ಯುಪಿಎಸ್ ಪಕ್ಕ ಕೂರಬೇಡಿ.

ಹಳೇ ವರದಿಗಾರ (ಹುಬ್ಬಳ್ಳಿ)

ಫ್ಯಾನ್ ಆಫ್ ಮಾಡ್ಸಿ ಅಂತ ಹೇಳೂದು ಸಾಗರದಾಗ ನಡೀತದರಿ. ಏಪ್ರಿಲ್‌ದಾಗ ನಮ್ಮ ಕಡೆ ಫ್ಯಾನ್ ಆಫ್ ಮಾಡಿದ್ರ ಮಾತಾಡಾಂವನೂ ಎದ್ದು ಹೊಕ್ಕಾನ.

ಕೊಳಗದ ಕತಿ ಓದಿದೆ. ಒಪ್ಪಿದೆ, ಅರ್ಧ. ಖರೆ ಅಂದ್ರ ನಮ್ಮ ಪತ್ರಿಕ್ಯಾಗೂ ಒಂದಿನ ಹಂಗ ಆಗಿತ್ತು. ಒಬ್ಬ ರೈತ ಬ್ಯಾಂಕಿನ ಸಾಲದ ಬಗ್ಗೆ ಹೇಳಿದ್ದನ್ನ ಹೆಸರು ಸಮೇತ ಬರದೆ. ಮರುದಿನ ಅವನ ಮಗಳ ಗಂಡಿನ ಕಡ್ಯಾವ್ರು ಓದಿದ್ರು. ಸಂಬಂಧ ಮುರೀತು. ನಾ ಬರದಿದ್ದು ಒಂದು ಅಕ್ಷರಾನೂ ಸುಳ್ಳಿರಲಿಲ್ಲ. ಇಷ್ಟ ಹೇಳ್ತೀನಿ. ಆದ್ರೂ ತೋರಸೂದು ಅನ್ನೂದಕ್ಕ ಮನಸ್ಸು ಇನ್ನೂ ಒಗ್ಗವಲ್ದು.

ಕರಿಕೋಟು

ಕಾನೂನಿನ ಕಡೆಯಿಂದ ಎರಡು ವಿಷಯ. "ಅವರು ಹೇಳಿದ್ದು, ನಾನಲ್ಲ" ಅನ್ನೋದು ನಿಮ್ಮನ್ನ ಕಾಪಾಡಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಹೇಳಿದವರ ಜೊತೆ ಪ್ರಕಟಿಸಿದವರೂ ಬರ್ತಾರೆ. ನಿಜ ಅನ್ನೋದೊಂದೇ ಸಾಲದು, ಅದನ್ನ ಹೇಳೋದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಹೆಸರು ಹೇಳದಿದ್ದರೂ ಕೇಳಿದವರಿಗೆ ಯಾರು ಅಂತ ಗೊತ್ತಾದ್ರೆ ಹೆಸರು ಹೇಳಿದ ಹಾಗೇ.

ಎರಡನೇದು, ಸಂದರ್ಶನದಲ್ಲಿ ಯಾರಾದ್ರೂ ಹಾಡಿದ್ರೆ, ಅದು ಸೋಬಾನೆ ಆಗಲಿ ಅಂಟಿಗೆ ಪಂಟಿಗೆ ಪದ ಆಗಲಿ, ಪದ ಜನಪದದ್ದೇ ಇರಬಹುದು, ಆದ್ರೆ ಆ ಹಾಡಿಕೆಯ ಮೇಲೆ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷ. ಶೀರ್ಷಿಕೆ ಸಂಗೀತಕ್ಕೆ ಅಜ್ಜಿಯ ಪದ ಕತ್ತರಿಸಿ ಬಳಸೋ ಮೊದಲು ಬೇರೆಯಾಗಿ ಕೇಳಿ. ಒಪ್ಪಿಗೆಯನ್ನ ಕಾಗದದ ಮೇಲೆ ಬೇಡ ಅನ್ನೋರ ಹತ್ರ, ಅವರ ಧ್ವನಿಯಲ್ಲೇ ಕೇಳಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ನೇರ ಮಾತು

ಯಾರೂ ಹೇಳದ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಊರ ಪಾಡ್‌ಕಾಸ್ಟ್ ಅಂತ ಕೇಳೋಕೆ ಹೋದ್ರೆ ಒಂದೂವರೆ ಗಂಟೆ. ಮೊದಲ ಹತ್ತು ನಿಮಿಷ ಹೋಸ್ಟ್ ಸ್ವಾಗತ, ಪ್ರಾಯೋಜಕರಿಗೆ ವಂದನೆ. ಅತಿಥಿ ಎಲ್ಲಾ ಪುರುಷರು, ಎಲ್ಲಾ ಊರ ಗಣ್ಯರು, ಎಲ್ಲಾ ಒಂದೇ ಜಾತಿ. ಇದು ಊರ ಧ್ವನಿ ಹೇಗಾಗುತ್ತೆ?

ಹಿನ್ನೀರ ದಂಡೆ (ಸಾಗರ)

ಬೇಜಾರಿಲ್ಲ, ಏಟು ಸರಿಯಾದ ಕಡೆ ಬಿದ್ದಿದೆ. ನನ್ನ ಮೊದಲ 12 ಕಂತಿನ ಪಟ್ಟಿ ತೆಗೆದು ನೋಡಿದಾಗ ಹತ್ತು ಜನ ನನಗೆ ಮೊದಲೇ ಪರಿಚಯ, ಹನ್ನೊಂದು ಜನ ಗಂಡಸರು. ಗೊತ್ತಿದ್ದವರ ಮೂಲಕ ಗೊತ್ತಿದ್ದವರು, ಹಾಗೆ ಹೋದ್ರೆ ಒಂದೇ ಕೇರಿಯಲ್ಲಿ ಸುತ್ತುತ್ತಾ ಇರ್ತೇವೆ. ಈಗ ಪ್ರತಿ ಅತಿಥಿಗೂ ಕೊನೆಗೆ ಕೇಳೋ ಪ್ರಶ್ನೆ: "ನಾನು ಮಾತಾಡಿಸಬೇಕಾದವರು, ಆದ್ರೆ ನಿಮ್ಮ ಮನೆಗೆ ಬರದೇ ಇರೋರು ಯಾರು?" ಮೊದಲು ಮುಖ ಮುಖ ನೋಡ್ತಾರೆ. ಆಮೇಲೆ ಹೆಸರು ಹೇಳ್ತಾರೆ.

ಉದ್ದ ಹೌದು, ಕಮ್ಮಿ ಮಾಡಿದೇನೆ, 35 ನಿಮಿಷ. ಪೂರ್ತಿ ರೆಕಾರ್ಡಿಂಗ್ ಬೇರೆ ಇಟ್ಟಿರ್ತೇನೆ. ಹೊಳೆಬಾಗಿಲಿನ ಲಾಂಚಿನ ಸದ್ದು ಹಾಗೇ ಉಳೀತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು, ಈಗ ಜನ ಮೇಲೆ ಬಸ್ಸಲ್ಲಿ ದಾಟ್ತಾರೆ. ಕಂತಿಗೆ ಅಂತ ಬಳಸಿದ್ದು ಹದಿನೈದು ಸೆಕೆಂಡ್. ಡಿಸ್ಕಲ್ಲಿ ಇಡೀ ದಾಟು ಇದೆ: ಇಂಜಿನ್, ನೀರು, ಗೇಟಿನ ಸರಪಳಿ, "ಗಾಡಿ ಹಿಂದೆ ತಗಳ್ರೋ" ಅನ್ನೋ ಕೂಗು. ಆಗ ಬಿಸಾಡೋಣ ಅಂದುಕೊಂಡಿದ್ದೆ.

ಹೊಸಬಿ

ನಮಸ್ತೆ. ಎಲ್ಲಾ ಓದಿದೆ, ಹೆದರಿಕೆ ಆಯ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು 45 ವರ್ಷ ಸೂಲಗಿತ್ತಿ ಆಗಿದ್ದವರು, ಅವರಿಂದ ಶುರು ಮಾಡೋಣ ಅಂತ. ಸ್ಟುಡಿಯೋ ಇಲ್ಲ, ಫೋನ್ ಮಾತ್ರ ಇದೆ. ಸಾಕಾ?

ಕೋಲಾರದ ಕಿವಿ

ಧಾರಾಳ ಸಾಕು ತಾಯಿ. 1935ರಲ್ಲಿ ಮೈಸೂರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ, ಆಕಾಶವಾಣಿ ಅನ್ನೋ ಹೆಸರು ಬಂದಿದ್ದೂ ಅಲ್ಲಿಂದಲೇ. ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಅಜ್ಜಿಯ ಬಾಯಿಂದ ಒಂದು ಗೇಣು ದೂರ ಇಡಿ. ಮತ್ತೆ, ಹೆರಿಗೆ ಮಾಡಿಸಿದವರು ಅಂದ್ರೆ ಊರ ಅರ್ಧ ಮನೆಯ ಗುಟ್ಟು ಅವರ ಹತ್ರ ಇರುತ್ತೆ. ಮೇಲೆ ಹೇಳಿದ ನಲವತ್ತು ಸೆಕೆಂಡ್ ನೆನಪಿರಲಿ.

ಹೊಸಬಿ

ಎರಡು ವಾರ ಆಯ್ತು, ವರದಿ ಒಪ್ಪಿಸ್ತೀನಿ. ರೆಕಾರ್ಡ್ ಮಾಡಿದೆ. 52 ನಿಮಿಷ. ಮನೆಗೆ ಬಂದು ಕೇಳಿದ್ರೆ ಅದರಲ್ಲಿ ಮೂವತ್ತು ನಿಮಿಷ ನನ್ನದೇ ಮಾತು! ಅಜ್ಜಿ ಬಾಯಿ ತೆರೆದಾಗೆಲ್ಲ ನಾನು "ಹೌದಾ", "ಅಯ್ಯೋ", "ಆಮೇಲೆ?" ಅಂತ ಮಧ್ಯೆ ಹಾರಿದ್ದೀನಿ. ಒಂದು ಕಡೆ ಅವರು ಎರಡು ನಿಮಿಷ ಸುಮ್ಮನೆ ಕೂತಿದ್ರು, ಏನೋ ಹೇಳೋಕೆ ಹೊರಟಿದ್ರು ಅನ್ಸುತ್ತೆ, ನಾನು ಗಾಬರಿಯಾಗಿ ಮುಂದಿನ ಪ್ರಶ್ನೆ ಕೇಳಿಬಿಟ್ಟೆ.

ಫ್ಯಾನ್ ಆಫ್ ಮಾಡಿದ್ದಕ್ಕೆ ಬೈಸಿಕೊಂಡೆ ಕೂಡ. ನಾಳೆ ಮತ್ತೆ ಬಾ ಅಂದಿದ್ದಾರೆ.